ಕಂಪಾಸ್ ಪೆಟ್ಟಿಗೆಯ ಸದ್ದು

೧೯೭೯ನೇ ಇಸವಿ ಫೆಬ್ರವರಿ ೧೨, ಸೋಮವಾರ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕರಿಬಸವನಹಟ್ಟಿ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರ್ ಮರುಳಸಿದ್ದಯ್ಯನವರು ಠಾಣೆಯ ಮೆಟ್ಟಿಲು ಹತ್ತಿದರು. ತಿಪಟೂರಿನ ಮನೆಗಳು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ, ಹಾಲ್ಕುರಿಕೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರ ಶಾಲೆ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಬೆವರೊರೆಸಿಕೊಂಡು, ಕೂರಲು ಹೇಳಿದರೂ ಕೂರದೆ ನಿಂತೇ ಮಾತು ಶುರು ಮಾಡಿದರು.

"ಇನ್‌ಸ್ಪೆಕ್ಟ್ರೇ, ಎಸ್ಸೆಸ್ಸೆಲ್ಸಿ ಮಕ್ಕಳ ಉತ್ತರಪತ್ರಿಕೆ ಕಳುವಾಗಿದೆ. ಗಣಿತದ್ದು. ಇಡೀ ಕಟ್ಟೇ ಇಲ್ಲ."

ಸಬ್ ಇನ್‌ಸ್ಪೆಕ್ಟರ್ ನಂಜುಂಡಪ್ಪ ಕುರ್ಚಿಯನ್ನು ಅವರ ಹತ್ತಿರಕ್ಕೇ ಎಳೆದು ಹಾಕಿದರು. "ಮೊದಲು ಒಂದ್ಲೋಟ ನೀರು ಕುಡೀರಿ ಸಾರ್."

ನಂಜುಂಡಪ್ಪ ಹಾಲ್ಕುರಿಕೆಯವರು. ಅವರ ಮನೆಯಲ್ಲಿ ಅಪ್ಪ, ಚಿಕ್ಕಪ್ಪಂದಿರು ಎಲ್ಲ ತೆಂಗು ನಂಬಿದವರೇ. ಪೊಲೀಸ್ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿದ್ದರೂ ಮೇಷ್ಟರನ್ನು ಕಂಡರೆ ಎದ್ದು ನಿಲ್ಲುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ.

ಹೆಡ್‌ಮಾಸ್ಟರು ಹೇಳಿದ್ದು ಇಷ್ಟು. ಪಬ್ಲಿಕ್ ಪರೀಕ್ಷೆ ಮಾರ್ಚ್ ಕೊನೆಗೆ. ಅದಕ್ಕೆ ಮೊದಲು ಶಾಲೆಯಲ್ಲೇ ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಾರೆ. ಅದರಲ್ಲಿ ಪಾಸಾಗದವರಿಗೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂಬುದು ಮರುಳಸಿದ್ದಯ್ಯನವರೇ ಮಾಡಿದ ಕಟ್ಟುನಿಟ್ಟು. ಶಾಲೆಯ ಫಲಿತಾಂಶಕ್ಕೆ ಜಿಲ್ಲೆಯಲ್ಲಿ ಹೆಸರು ಬಂದಿದ್ದೂ ಅದರಿಂದಲೇ. ಹೋದ ವರ್ಷ, ಮೇಷ್ಟರುಗಳು ಪತ್ರಿಕೆ ಮನೆಗೊಯ್ದು ಬೇಕಾದವರಿಗೆ ಅಂಕ ಹಾಕಿದರು ಎಂದು ಪೋಷಕರೊಬ್ಬರು ಗಲಾಟೆ ಎಬ್ಬಿಸಿದ್ದರು. ಅದಕ್ಕೇ ಈ ಸಲ ಹೊಸ ನಿಯಮ. ಉಪಾಧ್ಯಾಯರ ಕೊಠಡಿಯಲ್ಲಿ, ಎಲ್ಲರೆದುರಿಗೇ ಕೂತು ತಿದ್ದಬೇಕು. ಶನಿವಾರ ಎಲ್ಲ ಕಟ್ಟುಗಳಿಗೂ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಟ್ಟಿದ್ದರು. ಸೋಮವಾರ ತೆಗೆದರೆ ಗಣಿತದ ಕಟ್ಟು ಮಾತ್ರ ಇಲ್ಲ.

"ಯಾರ ಮೇಲಾದ್ರೂ ಅನುಮಾನ?"

ಮರುಳಸಿದ್ದಯ್ಯನವರು ಒಂದು ಹೆಜ್ಜೆ ಹತ್ತಿರ ಬಂದರು. "ಚಿಕ್ಕಗೌರಮ್ಮ ಅಂತ ಒಂದು ಹುಡುಗಿ. ಒಂಬತ್ತನೇ ಕ್ಲಾಸಲ್ಲಿ ಗಣಿತಕ್ಕೆ ಇಪ್ಪತ್ತೆಂಟು ತಗೊಂಡೋಳು. ಈ ಸಲ ಅರ್ಧವಾರ್ಷಿಕದಲ್ಲಿ ಎಪ್ಪತ್ತೊಂದು! ತಾಯಿ ಪುಟ್ಟಗಂಗಮ್ಮ ತೋಟದಲ್ಲಿ ಕಾಯಿ ಸುಲಿಯೋಳು, ಮನೇಲಿ ಹೇಳಿಕೊಡೋರಿಲ್ಲ. ಎಲ್ಲಿಂದ ಬಂತು ಇಷ್ಟು ಅಂಕ? ಆವಾಗ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿರಬೇಕು. ಈ ಸಲ ಸಿಕ್ಕಿಲ್ಲ, ಕೆಟ್ಟದಾಗಿ ಬರೆದಿದ್ದಾಳೆ, ಕಟ್ಟನ್ನೇ ಎತ್ತಿದ್ದಾಳೆ. ಶನಿವಾರ ಸಾಯಂಕಾಲ ಎಲ್ಲರೂ ಹೋದ ಮೇಲೆ ಚೀಲ ಹಿಡ್ಕೊಂಡು ಗೇಟು ದಾಟಿದ್ದನ್ನ ಕಡಲೆಕಾಯಿ ಮಾರೋ ರಂಗಕ್ಕ ನೋಡಿದ್ದಾಳೆ. ಕೇಳಿದ್ರೆ ಆ ಹುಡುಗಿ ಬಾಯೇ ಬಿಡ್ತಿಲ್ಲ. ನಾಳೆ ಟಿ.ಸಿ. ಕೊಟ್ಟು ಕಳಿಸ್ತೀನಿ."

"ನಾಳೆ ಬೇಡಿ ಸಾರ್. ತನಿಖೆ ಮುಗಿಯೋವರೆಗೂ ತಡೀರಿ."

"ನಾಡಿದ್ದು ಹಾಲ್ ಟಿಕೆಟ್ಟಿನ ವಿಷಯ ತೀರ್ಮಾನ ಆಗ್ಬೇಕು. ಅಲ್ಲಿಗಂಟ ಮಾತ್ರ."

ಹೆಡ್ ಕಾನ್‌ಸ್ಟೇಬಲ್ ಕೆಂಪಯ್ಯ ದೂರು ಬರೆದುಕೊಂಡರು. ಭಾರತೀಯ ದಂಡಸಂಹಿತೆ ಕಲಂ ೩೮೦ರಂತೆ ಎಫ್.ಐ.ಆರ್. ದಾಖಲಾಯಿತು. ಉತ್ತರಪತ್ರಿಕೆ ಕದ್ದ ಕೇಸು ಕೆಂಪಯ್ಯನ ಸರ್ವಿಸಿನಲ್ಲಿ ಇದೇ ಮೊದಲು. "ಸ್ವತ್ತಿನ ಮೌಲ್ಯ" ಎಂಬ ಜಾಗದಲ್ಲಿ ಪೆನ್ನು ನಿಂತಿತು.

"ಏನಂತ ಹಾಕ್ಲಿ ಸಾ?"

"ಖಾಲಿ ಬಿಡು ಕೆಂಪಯ್ಯ. ಆಮೇಲೆ ನೋಡಾನ."

ಮಧ್ಯಾಹ್ನ ಒಂದೂವರೆಗೆ ಶಾಲೆಯಲ್ಲಿ ಸ್ಥಳ ಪಂಚನಾಮೆ. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ ಇರುವುದು ಮೇಷ್ಟರುಗಳಿಗೂ ಗೊತ್ತು, ಸೀಮೆಸುಣ್ಣ ತರಲು ಬರುವ ಮಕ್ಕಳಿಗೂ ಗೊತ್ತು. ಉಳಿದ ಕಟ್ಟುಗಳು ಇಟ್ಟ ಹಾಗೇ ಇದ್ದವು. ತೆಗೆದವರು ಅವಸರ ಮಾಡಿಲ್ಲ, ಪಕ್ಕದ ಕಟ್ಟನ್ನು ಕೂಡ ಅಲ್ಲಾಡಿಸಿಲ್ಲ ಎಂದು ನಂಜುಂಡಪ್ಪ ಮನಸ್ಸಿನಲ್ಲಿಟ್ಟುಕೊಂಡರು.

ಪಕ್ಕದ ಕೊಠಡಿಯಲ್ಲಿ ಪಾಠ ನಡೆದಿತ್ತು. ಹುಡುಗನೊಬ್ಬ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಎಲ್ಲೋ ಎಡವಿದ. ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ ವಯಸ್ಸಾದ ಮೇಷ್ಟರು ತಿರುಗಿಯೂ ನೋಡದೆ, "ಹಿಂದಿನ ಸಾಲಿಗೆ ಹೋಗಪ್ಪ. ಎರಡನ್ನ ಆ ಕಡೆ ತಗೊಂಡು ಹೋಗ್ತಾ ಏನಾಯ್ತು?" ಎಂದರು. ಹುಡುಗ ನಾಲಿಗೆ ಕಚ್ಚಿಕೊಂಡು ಅಳಿಸಿದ. ಬೈಗುಳವಿಲ್ಲ, ಬೆತ್ತವಿಲ್ಲ. ಇಂಥ ಮೇಷ್ಟರು ನಮಗೆ ಸಿಗಲಿಲ್ಲವಲ್ಲ ಎನ್ನಿಸಿತು ನಂಜುಂಡಪ್ಪನವರಿಗೆ.

ಅವರೇ ಗಣಿತದ ತೋಂಟದಾರ್ಯ ಮೇಷ್ಟರು. ಕಟ್ಟು ಅವರು ತಿದ್ದಬೇಕಾಗಿದ್ದದ್ದು. ಪಾಠ ಮುಗಿಸಿ ಬಂದಾಗ ನಂಜುಂಡಪ್ಪ ದೂರಿನ ಪ್ರತಿ ಮುಂದೆ ಹಿಡಿದರು.

"ಇದರಲ್ಲಿ ಬರೆದಿರೋದು ಸರಿಯಾಗಿದೆಯಾ ನೋಡಿ ಸಾರ್."

"ಕನ್ನಡಕ ಮನೇಲಿ ಮರೆತು ಬಂದೆ ಕಣಪ್ಪ. ನೀವೇ ಓದಿಬಿಡಿ."

ಅವರ ಕರೀ ಕೋಟಿನ ಜೇಬಿನಿಂದ ಕನ್ನಡಕದ ಡಬ್ಬಿಯ ಅಂಚು ಕಾಣುತ್ತಿತ್ತು. ವಯಸ್ಸಾದವರ ಮರೆವು ಎಂದುಕೊಂಡು ನಂಜುಂಡಪ್ಪ ಓದಿ ಹೇಳಿದರು. ಹುಡುಗಿಯ ಹೆಸರನ್ನು ಎಲ್ಲರೆದುರು ಹೇಳಬಾರದೆಂದು ಆ ಒಂದು ಸಾಲನ್ನು ಮಾತ್ರ ಬಿಟ್ಟರು.

ಗೇಟಿನ ಬಳಿ ರಂಗಕ್ಕ ಕಡಲೆಕಾಯಿ ಹುರಿಯುತ್ತಿದ್ದಳು. ಕೆಂಪಯ್ಯ ಕುಕ್ಕರುಗಾಲಲ್ಲಿ ಕೂತು ವಿಚಾರಿಸಿದರು.

"ಶನಿವಾರ ಆ ಹುಡ್ಗಿ ಹೋಗಿದ್ದು ನೋಡಿದ್ಯೇನಮ್ಮ?"

"ನೋಡ್ದೆ ಕಣ್ರೀ. ದಿನಾ ನೋಡ್ತೀನಿ. ಕಂಪಾಸ್ ಪೆಟ್ಗೆನ ಲಟಲಟ ಅನ್ನಿಸ್ಕೊಂಡೇ ಹೋಗ್ತಾಳೆ. ಯಾಕವ್ವಾ ಹಂಗ್ ಬಡೀತೀಯ, ಮುರ್ದೋಯ್ತದೆ ಅಂದ್ರೆ ನಗ್ತಾಳೆ."

"ಜೊತೇಲಿ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ. ಹತ್ತು ಮಾರು ಹಿಂದೆ ಲೆಕ್ಕದ್ ಮೇಷ್ಟ್ರು ಬತ್ತಿದ್ರು ಅಷ್ಟೇಯ. ಆ ಮಗ ಕದಿಯೋಳಲ್ಲ ಬುಡ್ರೀ. ಒಂದಿನ ನಾನು ಚಿಲ್ರೆ ಜಾಸ್ತಿ ಕೊಟ್ಬುಟ್ಟಿದ್ದೆ, ತಿರ್ಗ ಬಂದು ಕೊಟ್ಟೋಗವ್ಳೆ."

ಸಾಯಂಕಾಲ ನಾಲ್ಕಕ್ಕೆ ಚಿಕ್ಕಗೌರಮ್ಮ ತಾಯಿಯ ಜೊತೆ ಠಾಣೆಗೆ ಬಂದಳು. ಹೆಣ್ಣುಮಗುವನ್ನು ಠಾಣೆಯೊಳಗೆ ಕೂರಿಸಿದರೆ ನಾಳೆ ಊರೆಲ್ಲ ಮಾತಾಗುತ್ತದೆಂದು ನಂಜುಂಡಪ್ಪ ಹೊರಗೆ ಬೇವಿನ ನೆರಳಿಗೆ ಬೆಂಚು ಹಾಕಿಸಿದ್ದರು. ಯಾರಾದರೂ ಕಂಡರೆ ಅರ್ಜಿ ಕೊಡಲು ಬಂದವರು ಅಂದುಕೊಳ್ಳಲಿ ಎಂದು. ಕೆಂಪಯ್ಯ ತನಗೆಂದು ತರಿಸಿದ್ದ ಬನ್ನನ್ನು ಎರಡು ಭಾಗ ಮಾಡಿ ತಾಯಿ ಮಗಳ ಮುಂದಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಒಳಕ್ಕೆ ಹೋದರು.

"ಶನಿವಾರ ಚೀಲದಲ್ಲಿ ಏನಿತ್ತಮ್ಮ?"

ಹುಡುಗಿ ತಲೆ ತಗ್ಗಿಸಿದಳು. "ಗೊತ್ತಿಲ್ಲ ಸಾರ್."

"ಚೀಲ ನಿಂದಾ?"

ಹುಡುಗಿ ಮಡಿಲಲ್ಲಿದ್ದ ಕಂಪಾಸ್ ಪೆಟ್ಟಿಗೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ತಿಕ್ಕಿದಳು.

"ಎಲ್ಲಿಗೆ ತಗೊಂಡು ಹೋದೆ?"

ಪುಟ್ಟಗಂಗಮ್ಮ ಮಗಳ ತೋಳು ಹಿಡಿದು ಅಲ್ಲಾಡಿಸಿದಳು. ಸುಲಿಯುವ ಗೂಟಕ್ಕೆ ಕಾಯಿ ಕುಕ್ಕಿ ಕುಕ್ಕಿ ಅವಳ ಅಂಗೈಯೆಲ್ಲ ದಡ್ಡುಗಟ್ಟಿತ್ತು. "ಹೇಳೇ! ನಿನ್ನ ಬಾಯಿಗೇನಾಗೈತೆ? ನನ್ನಂಗೆ ಇವ್ಳೂ ಗೂಟದ್ ಮುಂದೆ ನಿಲ್ಬಾರ್ದು ಅಂತ ಓದಿಸ್ತಿವ್ನಿ ಸ್ವಾಮಿ. ಟಿಕೇಟು ಕೊಡ್ನಿಲ್ಲ ಅಂದ್ರೆ ಎಲ್ಲಾ ಹೋಯ್ತು. ಹೇಳೇ!"

"ಹೇಳಲ್ಲ ಅಂತ ಮಾತು ಕೊಟ್ಟಿವ್ನಿ ಕಣಮ್ಮ."

ಗದರಿಸಿದರೆ ಈ ಮಗು ಬಗ್ಗುವುದಿಲ್ಲ ಎಂದು ನಂಜುಂಡಪ್ಪನವರಿಗೆ ಅರ್ಥವಾಯಿತು. ಎಪ್ಪತ್ತೊಂದು ಅಂಕದ ವಿಷಯವನ್ನಾದರೂ ನೋಡೋಣವೆಂದು ಒಂದು ಹಾಳೆಯ ಮೇಲೆ ಬೀಜಗಣಿತದ ಲೆಕ್ಕ ಬರೆದು ಕೊಟ್ಟರು. ಎಕ್ಸ್ ವರ್ಗದಿಂದ ಐದು ಎಕ್ಸ್ ಕಳೆದು, ಮತ್ತೆ ಹದಿನಾಲ್ಕು ಕಳೆದದ್ದು, ಅದನ್ನು ಅಪವರ್ತಿಸಬೇಕು. ಅವರಿಗೆ ನೆನಪಿದ್ದದ್ದು ಅದೊಂದೇ ಬಗೆಯ ಲೆಕ್ಕ.

ಹುಡುಗಿ ಪೆನ್ಸಿಲು ತೆಗೆದುಕೊಳ್ಳುವ ಮೊದಲೇ ಅವಳ ತುಟಿ ಅಲ್ಲಾಡಿತು. "ಎಕ್ಸ್ ಮೈನಸ್ ಏಳು, ಎಕ್ಸ್ ಪ್ಲಸ್ ಎರಡು." ಗಣಿತದ ಮಾತು ಬಂದದ್ದೇ ಮುಖ ಬೆಳಗಿತು. "ಇದ್ರಲ್ಲಿ ಎಲ್ರೂ ಚಿಹ್ನೆ ತಪ್ತಾರೆ ಸಾರ್. ಪ್ಲಸ್ ಏಳು, ಮೈನಸ್ ಎರಡು ಅಂತ ಬರೀತಾರೆ. ಇನ್ನು ಕೆಲವ್ರು ಎರಡಕ್ಕೂ ಮೈನಸ್ ಹಾಕ್ತಾರೆ. ಗುಣಿಸಿ ತಾಳೆ ನೋಡಿದ್ರೆ ಗೊತ್ತಾಗೋಯ್ತದೆ. ಅರ್ಧ ಜನ ತಾಳೆ ನೋಡೋದೇ ಇಲ್ಲ."

ನಂಜುಂಡಪ್ಪ ಹಾಳೆಯಿಂದ ತಲೆ ಎತ್ತಿದರು. "ಅರ್ಧ ಜನ ನೋಡಲ್ಲ ಅಂತ ನಿನಗೆ ಹೇಗಮ್ಮ ಗೊತ್ತು?"

ಬೆಳಗಿದ್ದ ಮುಖ ಆರಿಹೋಯಿತು. ಹುಡುಗಿ ತುಟಿ ಕಚ್ಚಿ ಕಂಪಾಸ್ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಳು.

ಅವರು ಹೋದ ಮೇಲೆ ಕೆಂಪಯ್ಯ ನಿಟ್ಟುಸಿರುಬಿಟ್ಟರು. "ಇನ್ನೊಬ್ರ ಪೇಪರ್ ನೋಡವ್ಳೆ ಅನ್ನಾದಂತೂ ದಿಟ ಆಯ್ತಲ್ಲ ಸಾ. ಹೆಡ್‌ಮಾಸ್ಟ್ರು ಹೇಳಿದ್ದೇ ಸರಿ."

"ನೋಡಿದ್ದಾಳೆ. ಒಂದೆರಡಲ್ಲ, ನೂರಾರು ನೋಡಿದ್ದಾಳೆ. ಕದ್ದು ನೋಡೋರು ಸರಿಯುತ್ತರ ಹುಡುಕ್ತಾರೆ ಕೆಂಪಯ್ಯ. ಇವಳಿಗೆ ತಪ್ಪುತ್ತರಗಳೇ ಬಾಯಿಪಾಠ ಆಗಿವೆ. ತಿದ್ದೋರಿಗೆ ಮಾತ್ರ ಹಾಗೆ ಗೊತ್ತಿರುತ್ತೆ." ಲೆಕ್ಕದ ಹಾಳೆಯನ್ನು ಮಡಚುತ್ತ ಹೇಳಿದರು: "ಬೆಳಗ್ಗೆ ತೋಂಟದಾರ್ಯ ಮೇಷ್ಟರನ್ನ ಕೇಳೋಣ. ಇವಳ ಕೈಗೆ ಪತ್ರಿಕೆಗಳು ಹೇಗೆ ಸಿಗ್ತವೆ ಅಂತ ಅವರಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಮಂಗಳವಾರ ಬೆಳಗ್ಗೆ ಎಂಟಕ್ಕೆ ಜೀಪು ರಸ್ತೆಯ ಬದಿಗೇ ನಿಂತಿತು. ಮೇಷ್ಟರ ಮನೆ ತೋಟದ ಒಳಗೆ. ಅಲ್ಲಿಗೆ ಕಾಲುದಾರಿ, ನಡುವೆ ನೀರಿನ ಕಾಲುವೆ, ಅದರ ಮೇಲೆ ಒಂದು ಕಲ್ಲುಚಪ್ಪಡಿ. ಹೆಂಡತಿ ತೀರಿಹೋಗಿ ಮಕ್ಕಳಿಲ್ಲದ ಮೇಷ್ಟರು ವಿಧವೆ ತಂಗಿ ಸುವರ್ಣಮ್ಮನ ಜೊತೆ ಇದ್ದರು. ಸುವರ್ಣಮ್ಮ ಪೊಲೀಸರನ್ನು ಕಂಡು ಒಂದು ಗಳಿಗೆ ಬೆಚ್ಚಿದರೂ, ಜಗಲಿಯ ಮೇಲೆ ಚಾಪೆ ಹಾಸಿ ಎರಡು ಲೋಟ ಮಜ್ಜಿಗೆ ತಂದಿಟ್ಟರು.

"ಅಣ್ಣ ಸ್ನಾನಕ್ಕೆ ಹೋಗವ್ರೆ. ಕೂತ್ಕಳಿ."

ಜಗಲಿಯ ಮೂಲೆಯಲ್ಲಿ ಸುಲಿಯದ ತೆಂಗಿನಕಾಯಿಗಳ ಸಣ್ಣ ರಾಶಿಯಿತ್ತು. ಆ ಸೀಮೆಯಲ್ಲಿ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಎನ್ನುವತನಕ ಕೆಳಗಿಳಿಸುವುದಿಲ್ಲ. ಅಲ್ಲಿ ಹುಟ್ಟಿದವರ ಕೈಗೆ ಕಾಯಿ ಸಿಕ್ಕಿದರೆ ಅದು ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ. ನಂಜುಂಡಪ್ಪನವರ ಕೈಯೂ ಹೋಯಿತು.

ಕುಳಕ್ ಎಂದಿತು.

ಇನ್ನೊಂದು ತೆಗೆದರು. ಅದೂ ಕುಳಕ್. ಮೂರನೆಯದರಲ್ಲೂ ನೀರು. ಹೊರಗಿನ ಸಿಪ್ಪೆಯ ಮೇಲೆ ಅಟ್ಟದ ಹೊಗೆಮಸಿ ಇನ್ನೂ ತೆಳ್ಳಗಿತ್ತು.

"ಏನಮ್ಮ, ನೀರಿರೋ ಕಾಯನ್ನ ಅಟ್ಟದಿಂದ ಇಳಿಸಿದ್ದೀರಾ?"

ಸುವರ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅದೂ... ಇಲಿ ಕಾಟ."

"ಇಲಿ ಮುಟ್ಟಿದ ಗುರುತೇ ಇಲ್ಲವಲ್ಲ. ಇನ್ನೂ ಆರು ತಿಂಗಳು ಮಲಗಬೇಕಾದ ಕಾಯಿ ಇದು. ಯಾರು ಇಳಿಸಿದ್ರು?"

"ಸುವರ್ಣ, ಬುಡು." ಒಳಗಿನಿಂದ ಧ್ವನಿ ಬಂತು. ತೋಂಟದಾರ್ಯ ಮೇಷ್ಟರು ಗೋಡೆಯ ಮೇಲೆ ಅಂಗೈಯಾಡಿಸುತ್ತ ಹೊಸ್ತಿಲಿಗೆ ಬಂದರು. ಅಷ್ಟು ಬೆಳಗ್ಗೆಯೇ ಕರೀ ಕೋಟು ತೊಟ್ಟಿದ್ದರು. ಗುಂಡಿ ಒಂದೊಂದು ತೂತು ತಪ್ಪಿ ಕೂತಿತ್ತು. "ನಾನೇ ಇಳಿಸಿದ್ದಪ್ಪ. ಜಾಗ ಬೇಕಾಗಿತ್ತು. ಅವಸರದಲ್ಲಿ ಅಲ್ಲಾಡಿಸಿ ನೋಡಲಿಲ್ಲ. ನಿಮ್ಮ ಠಾಣೆಗೇ ಹೊರಟಿದ್ದೆ. ನಿನ್ನೆ ಸಾಯಂಕಾಲದಿಂದ ಹೊರಡ್ತಾನೇ ಇದ್ದೀನಿ."

"ನಾನೇ ಬುಡ್ನಿಲ್ಲ." ಸುವರ್ಣಮ್ಮ ಅಳು ತಡೆಯಲಿಲ್ಲ. "ನಾ ಕೈ ಹಿಡ್ಕಂಡು ಠಾಣೆಗೆ ಬಿಡಾಕಿಲ್ಲ, ಆಗೋದಾದ್ರೆ ಒಬ್ನೇ ಹೋಗು ಅಂದೆ. ಕಾಲುವೆ ಗಂಟ ಹೋಗಿ, ಚಪ್ಪಡಿ ಸಿಗದೆ ತಿರ್ಗ ಬಂದ."

ನಂಜುಂಡಪ್ಪ ಈಗ ಮೇಷ್ಟರ ಕಣ್ಣುಗಳನ್ನು ನೋಡಿದರು. ಅವು ತಮ್ಮ ಕಡೆಗೇ ಇದ್ದವು, ಆದರೆ ತಮ್ಮನ್ನು ನೋಡುತ್ತಿರಲಿಲ್ಲ. ನಿನ್ನೆ ಕಿಟಕಿಗೆ ಬೆನ್ನು ಕೊಟ್ಟು ಕಿವಿಯಿಂದಲೇ ತಪ್ಪು ಹಿಡಿದದ್ದು, ಜೇಬಿನಲ್ಲಿದ್ದ ಕನ್ನಡಕ, ಎಲ್ಲ ಒಟ್ಟಿಗೇ ನೆನಪಿಗೆ ಬಂತು.

"ಎಷ್ಟು ದಿನದಿಂದ ಸಾರ್?"

"ಎರಡು ವರ್ಷ ಆಯ್ತು. ನರ ಒಣಗ್ತಾ ಇದೆ, ಆಪರೇಷನ್‌ಗೆ ಬರಲ್ಲ ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ರು. ಬೋರ್ಡಿನ ಪಾಠಕ್ಕೇನೂ ತೊಂದರೆ ಆಗಲಿಲ್ಲ. ಜೋರಾಗಿ ಹೇಳ್ತಾ ಬರೀರಿ ಅಂದೆ. ಎಂಟು, ಒಂಬತ್ತನೇ ಕ್ಲಾಸಿನ ಟೆಸ್ಟ್ ಪೇಪರುಗಳನ್ನ ಜೂನ್‌ನಿಂದ ಗೌರಿ ಇಲ್ಲೇ ಕೂತು ಓದ್ತಿದ್ಲು. ನಾನು ಅಂಕ ಹೇಳ್ತಿದ್ದೆ, ಬರೀತಿದ್ಲು. ಯಾರಿಗೂ ಹೇಳಬೇಡ ಅಂತ ನಾನೇ ಮಾತು ತಗೊಂಡಿದ್ದೆ. ಅರ್ಧವಾರ್ಷಿಕದಲ್ಲಿ ಅವಳ ಕ್ಲಾಸಿನದನ್ನ ಭೂತಗನ್ನಡಿ ಇಟ್ಕೊಂಡು ಹೇಗೋ ಓದಿದೆ. ಸಂಕ್ರಾಂತಿ ಕಳೆದ ಮೇಲೆ ಅದೂ ಆಗಲಿಲ್ಲ."

"ಈ ಕಟ್ಟನ್ನೂ ಅವಳ ಕೈಲೇ ಓದಿಸಬಹುದಿತ್ತಲ್ಲ?"

ಮೇಷ್ಟರ ಮುಖ ಗಂಭೀರವಾಯಿತು. "ಅವಳ ಪತ್ರಿಕೆಯೂ ಅದರಲ್ಲೇ ಇತ್ತಪ್ಪ. ಜೊತೆಯವರದೂ ಇತ್ತು. ಅವಳ ಕೈಲಿ ಓದಿಸೋದು ನ್ಯಾಯವಾ? ಅದೂ ಈ ಸಲ ಎಲ್ಲರ ಮುಂದೆ ಕೂತು ತಿದ್ದಬೇಕು. ಓದದೆ ಮನಸ್ಸಿಗೆ ಬಂದ ಹಾಗೆ ಅಂಕ ಹಾಕೋದಕ್ಕೆ ಕೈ ಬರಲಿಲ್ಲ. ಬೀರುವಿನಲ್ಲಿ ನಾನೇ ಇಟ್ಟ ಕಟ್ಟು, ಜಾಗ ಕೈಗೆ ಗೊತ್ತಿತ್ತು, ತೆಗೆದು ನನ್ನ ಚೀಲಕ್ಕೆ ಹಾಕ್ಕೊಂಡೆ. ಕಟ್ಟು ಇಲ್ಲ ಅಂದ್ರೆ ಎಲ್ಲರನ್ನೂ ಪರೀಕ್ಷೆಗೆ ಕೂರಿಸ್ತಾರೆ ಅಂದುಕೊಂಡೆ."

"ಹೆಡ್‌ಮಾಸ್ಟರಿಗೆ ಹೇಳಿದ್ರೆ ಆಗ್ತಿತ್ತು."

"ಹೇಳಿದ ದಿನವೇ ನಾನು ಮನೆಗೆ. ಹಿಂದೆ ಒಂದ್ಸಲ ಗಣಿತದ ಮೇಷ್ಟರಿಗೆ ವರ್ಗ ಆಗಿ ವರ್ಷವೆಲ್ಲ ಆ ಜಾಗ ಖಾಲಿ ಇತ್ತು. ಆ ವರ್ಷದ ಮಕ್ಕಳನ್ನ ನೋಡಿದ್ದೀನಿ. ಗಣಿತದಲ್ಲಿ ಹೋದವರು ಮತ್ತೆ ಪುಸ್ತಕ ಹಿಡೀಲಿಲ್ಲ. ಮಾರ್ಚ್ ಪರೀಕ್ಷೆಯೊಂದು ಮುಗಿದುಬಿಡ್ಲಿ, ಆಮೇಲೆ ನಾನೇ ಬರೆದುಕೊಡ್ತೀನಿ ಅಂತಿದ್ದೆ."

"ಕಳ್ಳತನ ಆ ಹುಡುಗಿ ಮೇಲೆ ಬರುತ್ತೆ ಅಂತ ಅನ್ನಿಸಲಿಲ್ವಾ?"

ಮೇಷ್ಟರು ಗೋಡೆ ಹಿಡಿದು ಹೊಸ್ತಿಲ ಮೇಲೆ ಕೂತರು. "ಚೀಲ ಅವಳ ಕೈಲಿತ್ತು ಅನ್ನೋದೇ ಮರೆತುಹೋಗಿತ್ತಪ್ಪ. ದಿನಾ ಅವಳೇ ಹಿಡ್ಕೊತಾಳಲ್ಲ. ನಿನ್ನೆ ಸಾಯಂಕಾಲ ಸ್ಕೂಲಿನ ಹೊರಗೆ ಕಾಯ್ತಾ ನಿಂತಿದ್ದೆ, ಅವಳು ಬರಲಿಲ್ಲ. ಠಾಣೆಗೆ ಕರೆಸಿದ್ದಾರೆ ಅಂತ ರಂಗಕ್ಕ ಹೇಳಿ, ಅವಳೇ ಮನೆ ತನಕ ಬಿಟ್ಟು ಹೋದಳು."

ಎಂಟೂ ಮುಕ್ಕಾಲಿಗೆ, ಪಕ್ಕದ ತೋಟದ ಇಬ್ಬರು ಪಂಚರ ಎದುರು ಕೆಂಪಯ್ಯ ಏಣಿ ಹಾಕಿ ಅಟ್ಟ ಹತ್ತಿದರು. ಹೊಸ ಕಾಯಿಗಳ ಹಿಂದೆ, ಗೋಡೆಯ ಮಗ್ಗುಲಲ್ಲಿ ಕಟ್ಟು ಸಿಕ್ಕಿತು. ಮಡಿಯಾದ ಬಿಳೀ ಪಂಚೆಯಲ್ಲಿ ಸುತ್ತಿತ್ತು. ಹುಳ ಹಿಡಿಯದಿರಲೆಂದು ಮಡಿಕೆಯ ನಡುವೆ ಬೇವಿನ ಸೊಪ್ಪು ಇಟ್ಟಿತ್ತು. ಅರಗಿನ ಮುದ್ರೆ ಒಡೆದಿರಲಿಲ್ಲ.

"ಒಲೆಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ನಿಲ್ಲ," ಎಂದರು ಕೆಂಪಯ್ಯ ಮೆಲ್ಲಗೆ.

"ಮಕ್ಕಳು ಬರೆದಿದ್ದನ್ನ ಸುಡೋಕಾಗುತ್ತೇನಪ್ಪ?" ಎಂದರು ಮೇಷ್ಟರು. ಅವರ ಕಿವಿ ಅಷ್ಟು ಚುರುಕಾಗಿತ್ತು.

ಸುದ್ದಿ ಮುಟ್ಟಿ ಮರುಳಸಿದ್ದಯ್ಯನವರು ಸೈಕಲ್ ತುಳಿದುಕೊಂಡು ಬಂದರು. ಅವರ ಹಿಂದೆಯೇ ಪುಟ್ಟಗಂಗಮ್ಮ, ಮಗಳು. ಹೆಡ್‌ಮಾಸ್ಟರು ಜಗಲಿಯ ಕಂಬ ಹಿಡಿದು ನಿಂತು ಎಲ್ಲವನ್ನೂ ಕೇಳಿದರು. ಹತ್ತು ವರ್ಷದಿಂದ ಮೇಷ್ಟರ ಪಕ್ಕದ ಕುರ್ಚಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದವರು ಅವರು.

"ದೂರು ವಾಪಸ್ ತಗೋತೀನಿ ಇನ್‌ಸ್ಪೆಕ್ಟ್ರೇ."

"ಎಫ್.ಐ.ಆರ್. ಆಗಿದೆ ಸಾರ್. ಇನ್ನು ಕೋರ್ಟೇ ಹೇಳಬೇಕು."

"ಹಾಗಾದ್ರೆ ಜಾಮೀನಿಗೆ ನಾನೇ ಸಹಿ ಹಾಕ್ತೀನಿ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಚಿಕ್ಕಗೌರಮ್ಮ, ನಾನು ತಪ್ಪು ತಿಳ್ಕೊಂಡೆ. ಕಟ್ಟನ್ನ ತುರುವೇಕೆರೆಯ ಮೇಷ್ಟ್ರ ಹತ್ರ ತಿದ್ದಿಸ್ತೀನಿ. ಅಂಕ ಏನೇ ಬರ್ಲಿ, ಹಾಲ್ ಟಿಕೆಟ್ ಎಲ್ಲರಿಗೂ ಕೊಡ್ತೀನಿ. ನಿನಗೆ ನಾನೇ ಕೈಯಾರೆ ಕೊಡ್ತೀನಿ."

ಹುಡುಗಿ ತಲೆಯಾಡಿಸಿದಳು. ಅವಳು ನೋಡುತ್ತಿದ್ದದ್ದು ಮೇಷ್ಟರ ಕೋಟಿನ ತಪ್ಪಿದ ಗುಂಡಿಗಳನ್ನು. "ಚೀಲ ಭಾರ ಇತ್ತು ಸಾರ್," ಎಂದಳು ಅವರಿಗೆ. "ನಾ ಕೇಳ್ನಿಲ್ಲ."

"ಕೇಳಬೇಕಾಗಿತ್ತು ಕಣಮ್ಮ. ಇನ್ಮೇಲೆ ಯಾರು ಕೊಟ್ರೂ ಕೇಳು."

ಒಂಬತ್ತೂವರೆಗೆ ತೋಂಟದಾರ್ಯನವರನ್ನು ದಸ್ತಗಿರಿ ಮಾಡಲಾಯಿತು. ದಸ್ತಗಿರಿ ಪತ್ರವನ್ನು ನಂಜುಂಡಪ್ಪ ಗಟ್ಟಿಯಾಗಿ ಓದಿ ಹೇಳಿದರು. ಸಹಿ ಮಾಡುವಾಗ ಕೆಂಪಯ್ಯ ಮೇಷ್ಟರ ತೋರುಬೆರಳನ್ನು ಹಿಡಿದು ಸಾಲಿನ ಮೇಲಿಟ್ಟರು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಆ ಕೈ ಒಂದಿಷ್ಟೂ ಸೊಟ್ಟಗಾಗದೆ ಸಹಿ ಮಾಡಿತು.

ಕೇಸ್ ಡೈರಿಯಲ್ಲಿ "ಅಪರಾಧದ ಉದ್ದೇಶ" ಬರೆಯಬೇಕಿತ್ತು. ನಂಜುಂಡಪ್ಪ ಜಗಲಿಯ ಅಂಚಿನಲ್ಲಿ ಕೂತು ಬರೆದರು: "ಆರೋಪಿಗೆ ದೃಷ್ಟಿ ಇಲ್ಲ. ಪರೀಕ್ಷೆ ಮುಗಿಯುವವರೆಗೆ ಮಕ್ಕಳಿಗೆ ಪಾಠ ತಪ್ಪಬಾರದೆಂದು ಅದನ್ನು ಮುಚ್ಚಿಟ್ಟಿದ್ದಾರೆ. ಸ್ವಂತ ಲಾಭ ಕಂಡುಬಂದಿಲ್ಲ." ಸ್ವತ್ತಿನ ಮೌಲ್ಯದ ಜಾಗವನ್ನು ಖಾಲಿಯೇ ಬಿಟ್ಟರು.

ಹೊರಡುವ ಹೊತ್ತಾಯಿತು. ಕೆಂಪಯ್ಯ ಮೇಷ್ಟರ ತೋಳು ಹಿಡಿಯಲು ಮುಂದೆ ಬಂದರು. ಅಷ್ಟರಲ್ಲಿ ಚಿಕ್ಕಗೌರಮ್ಮ ಅಂಗಳಕ್ಕಿಳಿದಳು. ತಾಯಿಯ ಕಡೆ ಒಮ್ಮೆ ನೋಡಿದಳು. ಪುಟ್ಟಗಂಗಮ್ಮ ಕಣ್ಣೊರೆಸಿಕೊಂಡು, "ಹೋಗವ್ವ, ಬುಟ್ಬುಟ್ಟು ಬಾ," ಎಂದಳು. ಹುಡುಗಿ ಕಂಪಾಸ್ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಲಟಲಟ ಸದ್ದು ಬೆಳಗಿನ ತೋಟದಲ್ಲಿ ಚೆನ್ನಾಗಿ ಕೇಳಿತು.

ಮೇಷ್ಟರ ತಲೆ ಆ ಕಡೆಗೆ ತಿರುಗಿತು. ನಂಜುಂಡಪ್ಪ ಕೆಂಪಯ್ಯನನ್ನು ಕಣ್ಣಲ್ಲೇ ತಡೆದರು.

ಹುಡುಗಿ ಮುಂದೆ, ಮೇಷ್ಟರು ಹಿಂದೆ. ಅವರ ಹಿಂದೆ ಪೊಲೀಸರು, ಹೆಡ್‌ಮಾಸ್ಟರು. ದಿನಾ ಯಾರಿಗೂ ತಿಳಿಯದ ಹಾಗೆ ನಡೆದ ದಾರಿಯಲ್ಲಿ ಈಗ ಎಲ್ಲರೂ ನೋಡುತ್ತಿರುವಾಗಲೇ ಅವರು ನಡೆದರು. ಕಾಲುವೆಯ ಹತ್ತಿರ ಅವಳು ಪೆಟ್ಟಿಗೆಯನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿದಳು. ಮೇಷ್ಟರು ಕಾಲು ಸ್ವಲ್ಪ ಎತ್ತಿಟ್ಟು ಚಪ್ಪಡಿ ದಾಟಿದರು. ಜೀಪಿನ ಪಕ್ಕದಲ್ಲಿ ಸದ್ದು ನಿಂತಿತು. ಮೇಷ್ಟರೂ ನಿಂತು, ಕೈ ಚಾಚಿ, ಜೀಪಿನ ಬಾಗಿಲನ್ನು ಮುಟ್ಟಿದರು.

"ಮೆಟ್ಲು ಎತ್ತರ ಐತೆ ಸಾರ್," ಎಂದಳು ಹುಡುಗಿ.